ಎಂಟು ಕೆ ಗುದ್ದು

ಆ ದಿನದ ಎಲ್ಲ ಅನಾಹುತಕ್ಕೂ ಮೂಲ ಒಂದೇ ಒಂದು ಗುದ್ದು. ಅದು ಬಿದ್ದದ್ದು ಕುಷ್ಟಗಿಯ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ರೇಣುಕಾದೇವಿಯವರ ಬೆನ್ನಿಗೆ. ಬಿದ್ದ ಜಾಗ ಗಂಗಾವತಿಯಲ್ಲಿ ಅವರ ತಮ್ಮ ಗೋವಿಂದರಾಜನ ಮನೆಯ ಪಡಸಾಲೆ. ಪೆಟ್ಟು ತಿಂದವರು ಅವರಾದರೂ ಅದನ್ನು ಸಂಜೆಯವರೆಗೆ ಅನುಭವಿಸಿದವನು ಫೋಟೋ ಸ್ಟುಡಿಯೋದ ಗಾಳೇಶ.

ಗುದ್ದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕೂಗಬೇಕು. ಕೂಗಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಯಾರಿಗೂ ಗೊತ್ತಿಲ್ಲ. ಕೇಳಿದರೆ ಎಲ್ಲಿ ಈ ಪದ್ಧತಿ ನಿಂತುಹೋಗುತ್ತದೋ ಎಂಬ ಹೆದರಿಕೆಗೆ ಯಾರೂ ಕೇಳಿಯೂ ಇಲ್ಲ. ವರ್ಷವಿಡೀ ನಾದಿನಿಯರ ಮಾತು ಕೇಳಿಸಿಕೊಂಡ ಸೊಸೆಯಂದಿರಿಗೆ ಸಿಗುವ ನ್ಯಾಯವಾದ ಅವಕಾಶ ಅದೊಂದೇ.

ಗೋವಿಂದರಾಜ ಅಕ್ಕಿ ಮಿಲ್ಲಿನ ಮಾಲೀಕ. ಮದುವೆಯಾಗಿ ಬಹಳ ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತ್ತು. ಯಲಬುರ್ಗಾದಲ್ಲಿ ಅವನ ದಾಯಾದಿಯೊಬ್ಬ ಮಗನ ಹೆಸರಿಡುವ ಕಾರ್ಯಕ್ರಮವನ್ನು ನಾಲ್ಕು ಕೆ ವಿಡಿಯೋ ಮಾಡಿಸಿದ್ದ. ಕೆ ಎಂದರೇನೆಂದು ಇಬ್ಬರಿಗೂ ತಿಳಿಯದು. ಆದರೂ ಗೋವಿಂದರಾಜ ಗಾಳೇಶನನ್ನು ಕರೆಸಿ, "ಅವಂದು ನಾಕು ಆದ್ರ ನಮ್ಮದು ಎಂಟು ಇರಲಿ. ಎಲ್ಲಿಂದರ ತಾ," ಎಂದ. ಆ ಎಂಟನ್ನು ತೋರಿಸಬಲ್ಲ ಟಿವಿ ಇಡೀ ಗಂಗಾವತಿಯಲ್ಲಿ ಇರಲಿಕ್ಕಿಲ್ಲ ಎಂಬ ಮಾತನ್ನು ಗಾಳೇಶ ನುಂಗಿಕೊಂಡ. ಇದು ಚಲೋ ಆದರೆ ಸಾವುಕಾರನ ಬಂಧುಬಳಗದ ಮದುವೆಗಳೆಲ್ಲ ತನಗೇ ಎಂದು ಅವನು ಲೆಕ್ಕ ಹಾಕಿದ್ದ. ಕೆಟ್ಟರೆ, ಆಧಾರ್ ಕಾರ್ಡಿನ ಫೋಟೋ ತೆಗೆಯುತ್ತಲೇ ಮುದುಕನಾಗಬೇಕು.

ಹೀಗಾಗಿ ಹುಬ್ಬಳ್ಳಿಯ ಮಾಜೀದನಿಂದ ಸಿನಿಮಾದವರ ಕ್ಯಾಮೆರಾ ಬಾಡಿಗೆಗೆ ಬಂತು. ಅದರದೊಂದು ವಿಚಿತ್ರ. ಅಷ್ಟು ದೊಡ್ಡ ಚಿತ್ರವನ್ನು ಆ ಕ್ಯಾಮೆರಾ ಕಾಣಬಲ್ಲದೇ ಹೊರತು ಇಟ್ಟುಕೊಳ್ಳಲಾರದು. ಕಂಡದ್ದನ್ನೆಲ್ಲ ತಂತಿಯ ಮೂಲಕ ತಲೆಯ ಮೇಲೆ ಕೂರಿಸಿದ ರೆಕಾರ್ಡರ್ ಎಂಬ ಇನ್ನೊಂದು ಡಬ್ಬಿಗೆ ಕೊಡುತ್ತದೆ; ಇಟ್ಟುಕೊಳ್ಳುವ ಕೆಲಸ ಡಬ್ಬಿಯದು. ಡಬ್ಬಿಯ ಹಿಂಬದಿಯಲ್ಲಿ ಹೊಳೆಯುವ ಪರದೆ. ರೆಕಾರ್ಡ್ ಆಗುತ್ತಿರುವಾಗ ಪರದೆಯ ಸುತ್ತ ಕೆಂಪು ಗೆರೆ. "ಗೆರಿ ಇದ್ರ ಅನ್ನ, ಇಲ್ಲಂದ್ರ ಮಣ್ಣು. ಅಷ್ಟ ನೆನಪಿಡು," ಎಂದು ಮಾಜೀದ ಪಾಠ ಮುಗಿಸಿದ್ದ.

ಪಾಠದಲ್ಲಿ ಹೇಳದೆ ಉಳಿದದ್ದು ಒಂದಿತ್ತು. ಗಾಳೇಶ ಕ್ಯಾಮೆರಾವನ್ನು ತೊಟ್ಟಿಲಿಗೆ ಗುರಿಯಿಟ್ಟು ಗೆರೆ ಹಚ್ಚಿದ್ದೇ ತಡ, ಮುಂದೆ ಕೂತ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ಅವನ ಹಿಂದೆ ಬಂದು ನಿಂತರು. ತೊಟ್ಟಿಲಲ್ಲಿದ್ದ ಕೂಸಿಗಿಂತ ಪರದೆಯ ಕೂಸು ಚೆಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಲ ಮುಂದೆ ಖಾಲಿ ಜಮಖಾನೆ, ಗಾಳೇಶನ ಬೆನ್ನ ಹಿಂದೆ ಇಡೀ ಓಣಿ.

"ಅವ್ವಾರ, ಮುಂದ ಹೋಗ್ರಿ. ನೀವ ಇಲ್ಲಿ ನಿಂತ್ರ ನಾ ಯಾರ್ನ ತಗೀಲಿ?"

"ನೀ ತಗಿಯೋ ತಮ್ಮಾ, ನಿನಗ್ಯಾರು ಬ್ಯಾಡ ಅಂದಾರ," ಎಂದಳು ಪಕ್ಕದ ಮನೆಯ ಬಳೆ ಅಂಗಡಿಯ ದಾವಲಬೀ. "ಟಿವಿ ಸ್ವಲ್ಪ ಇತ್ತಾಗ ತಿರುಗಿಸು."

ಗೋವಿಂದರಾಜನ ತಾಯಿ ಮುದುಕವ್ವನಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು. ಆಕೆ ಗುಂಪಿನೊಳಗೆ ತೂರಿ ಬಂದು, ಪರದೆಯ ಹತ್ತಿರ ಮುಖವಿಟ್ಟು ಮೊಮ್ಮಗಳನ್ನು ಕಂಡಳು. "ನನ್ನ ಬಂಗಾರ, ಯಾರ ಕಣ್ಣೂ ತಾಗದಿರಲಿ," ಎಂದವಳೇ ಪರದೆಯ ಮೇಲೇ ಕೂಸಿನ ಕೆನ್ನೆ ಸವರಿ, ತನ್ನ ಹಣೆಯ ಎರಡೂ ಬದಿಗೆ ಬೆರಳೊತ್ತಿ ಲಟಲಟ ಲಟಿಕೆ ಮುರಿದಳು. ಗಾಳೇಶ ಆಗ ಹೆಂಗಸರನ್ನು ಮುಂದೆ ಕಳಿಸುವ ಗದ್ದಲದಲ್ಲಿದ್ದ. ಅವನ ಹೆಂಡತಿ ಹುಲಗೆಮ್ಮನೂ ಆ ಗುಂಪಿನಲ್ಲಿ ಒಬ್ಬಳು. ಸಾವುಕಾರನ ಮನೆಯ ಕಾರ್ಯಕ್ರಮವೆಂದು ಗಂಡನ ಜೊತೆ ಬಂದಿದ್ದಳು. ಅಂತೂ ಎಲ್ಲರೂ ತೊಟ್ಟಿಲ ಸುತ್ತ ಸೇರಿದರು.

ರೇಣುಕಾದೇವಿ ಎಂದಿನಂತೆ ಬೆನ್ನ ಮೇಲೆ ಕೈಯಿಟ್ಟುಕೊಂಡು ಬಂದರು. ಅವರು ಬಂದರೆ ಮನೆಯಲ್ಲಿ ಮಾತು ತಾನಾಗಿ ಕಡಿಮೆಯಾಗುತ್ತದೆ. ಮೂವತ್ತು ವರ್ಷ ಮಕ್ಕಳನ್ನು ನೋಡಿ ನೋಡಿ ಅವರ ಮುಖಕ್ಕೆ ಒಂದೇ ಬಗೆ ಉಳಿದಿತ್ತು. ನಕ್ಕರೂ ಸಿಟ್ಟಿಗೆದ್ದಂತೆಯೇ ಕಾಣುತ್ತಿದ್ದರು. ಬಗ್ಗಿದರು. 'ಕುರ್ರ್, ಸಾನ್ವಿ' ಎಂದು ಕೂಗಿದರು. ಗುದ್ದುಗಳು ಬಿದ್ದವು. ಟಪ್, ಟಪ್, ಟಪ್ ಎಂದು ಹೂವೆಸೆದಂಥ ಗುದ್ದುಗಳು. ನಡುವೆ ಒಂದು ಮಾತ್ರ ಧಡ್ ಎಂದಿತು. ಮಿಲ್ಲಿನಲ್ಲಿ ಅಕ್ಕಿ ಚೀಲ ನೆಲಕ್ಕೆ ಬಿದ್ದ ಸದ್ದು ಅದು.

ರೇಣುಕಾದೇವಿ ಸ್ವಲ್ಪ ಹೊತ್ತು ಬಗ್ಗಿದಲ್ಲೇ ಇದ್ದರು. ಆಮೇಲೆ ನಿಧಾನವಾಗಿ, ಕಂಬದ ಹಾಗೆ ನೆಟ್ಟಗೆ ಎದ್ದು ನಿಂತರು.

"ಯಾರದು?"

ಎಲ್ಲರೂ ತಂತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಆತು. ಹೇಳಬ್ಯಾಡ್ರಿ. ಎಂಟು ಕೆ ಐತೆಲ್ಲ, ಅದರಾಗ ಕಾಣತೈತಿ. ಏನಪಾ ಗಾಳೇಶ, ಅದನ್ನ ಹಚ್ಚು. ಯಾರ ಕೈ ಅಂತ ನೋಡೂತನಾ ನಾ ಊಟಕ್ಕ ಕೂಡಂಗಿಲ್ಲ."

ಹಿರಿಯಕ್ಕ ಕೂಡದೆ ಊಟದ ಪಂಕ್ತಿ ಕೂಡುವಂತಿಲ್ಲ. ಒಳಗೆ ಹೋಳಿಗೆ ಕಾದು ಕೂತಿದ್ದವು, ಹೊರಗೆ ಜನ. ಗಾಳೇಶ ಪರದೆಯ ಕಡೆ ತಿರುಗಿದ. ಕೆಂಪು ಗೆರೆ ಇರಲಿಲ್ಲ. ಪರದೆಯ ಮೇಲೆ ಇರುತ್ತಿದ್ದ ಅಕ್ಷರಗಳೂ ಇರಲಿಲ್ಲ, ಬರೀ ತೊಟ್ಟಿಲು. ಗಾಬರಿಯಿಂದ ಗುಂಡಿ ಒತ್ತಿದ, ಗೆರೆ ಬರಲಿಲ್ಲ. ಮುದುಕವ್ವನ ಬೆರಳು, ಕೂಸಿನ ಕೆನ್ನೆ, ಎಲ್ಲ ಒಮ್ಮೆಗೇ ನೆನಪಾಯಿತು. ಮುದುಕಿ ರೆಕಾರ್ಡ್ ನಿಲ್ಲಿಸಿಬಿಟ್ಟಿದ್ದಾಳೆ. ಹೆಸರಿಟ್ಟದ್ದು ಇಲ್ಲ, ಗುದ್ದೂ ಇಲ್ಲ. ಅವನ ಕಣ್ಣ ಮುಂದೆ ಆಧಾರ್ ಕಾರ್ಡಿನ ಫೋಟೋಗಳು ಸಾಲಾಗಿ ಬಂದವು.

"ಅಕ್ಕೋರ, ಮಶೀನು ಭಾಳ ಕಾದೇತ್ರಿ. ಆರೂತನಾ ಹಚ್ಚಾಕ ಬರಂಗಿಲ್ಲ," ಎಂದು ಬಾಯಿಗೆ ಬಂದ ಸುಳ್ಳು ಹೇಳಿದ.

ಸುಳ್ಳು ಹೇಳುವಾಗ ಇಂಥ ಮನೆಯಲ್ಲಿ ಹೇಳಬಾರದಿತ್ತು. ಸಹಾಯಕ್ಕೆ ಓಡಿಬರುವವರು ಬಹಳ. ಯಾರೋ ಬೀಸಣಿಗೆ ತಂದರು. ಗೋವಿಂದರಾಜ ಮಿಲ್ಲಿಗೆ ಫೋನು ಮಾಡಿ ಆಳೆತ್ತರದ ಫ್ಯಾನು ತರಿಸಿದ. ಹಚ್ಚಿದ ಕೂಡಲೇ ಅದರೊಳಗಿದ್ದ ತೌಡು, ಹೊಟ್ಟು ಎಲ್ಲ ಹಾರಿ ಪಡಸಾಲೆ ಕಾಣದಾಯಿತು, ಕೂಸು ಸೀನಿತು. ದಾವಲಬೀ ಒದ್ದೆ ಬಟ್ಟೆ ಹಿಂಡಿಕೊಂಡು ಬಂದಳು.

"ನೀರು ತಾಗಿಸಬ್ಯಾಡ್ರಿ, ಕೆಡತೈತಿ."

"ಹಂಗಾರ ಫ್ರಿಜ್ಜಿನಾಗ ಇಡ್ರಿ," ಎಂದರು ರೇಣುಕಾದೇವಿ.

ಹೆಡ್‌ಮಿಸ್ಟ್ರೆಸ್ ಹೇಳಿದ ಮೇಲೆ ಎದುರಾಡುವವರು ಯಾರು? ಗಾಳೇಶ ಅಡ್ಡ ಕೈ ಚಾಚುವುದರೊಳಗೆ ನಾಲ್ಕಾರು ಕೈಗಳು ಡಬ್ಬಿಯನ್ನು ಬಿಚ್ಚಿಕೊಂಡು ಹೋಗಿ ಮೊಸರಿನ ಪಾತ್ರೆಗೂ ಕೊತ್ತಂಬರಿಗೂ ನಡುವೆ ಇಟ್ಟು ಬಾಗಿಲು ಹಾಕಿದವು. ಲಕ್ಷಗಟ್ಟಲೆ ಬೆಲೆಯ ಮಾಲು. ಗಾಳೇಶ ಅಡುಗೆಮನೆಯಲ್ಲೇ ಫ್ರಿಜ್ಜಿಗೆ ಒರಗಿ ಕುಸಿದು ಕೂತ.

ರೇಣುಕಾದೇವಿಗೆ ಸಮಾಧಾನವಿರಲಿಲ್ಲ. ಮಾಳಿಗೆ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಸಿಟ್ಟು ಮನುಷ್ಯರಿಗೆ ಎಷ್ಟು ಶಕ್ತಿ ಕೊಡುತ್ತದಲ್ಲ ಎಂದುಕೊಂಡ ಗಾಳೇಶ.

ಮೊದಲು ಬಂದವಳು ಕೂಸಿನ ತಾಯಿ ಕವಿತಾ. ತುಪ್ಪ ಹಾಕಿದ ಎರಡು ಹೋಳಿಗೆಯ ತಟ್ಟೆಯನ್ನು ಸೆರಗಿನ ಮರೆಯಲ್ಲಿ ತಂದು ಅವನ ಮುಂದಿಟ್ಟಳು.

"ಗಾಳೇಶಣ್ಣ, ಆ ಗುದ್ದು ನಂದ ಇರಬೇಕ್ರಿ. ಹಗರಕ ಹೊಡದೆ ಅಂದ್ಕೊಂಡಿದ್ದೆ, ಆದ್ರ ಬಾಣಂತನದಾಗ ಬೇಕುಬೇಕಾದ್ದು ತಿಂದೀನಿ, ಕೈಯಾಗ ಬಲ ಬಂದಿರಬೇಕು. ಅಕ್ಕಾರಿಗೆ ಗೊತ್ತಾದ್ರ ಈ ಮನ್ಯಾಗ ನನ್ನ ಬಾಳೇವು ಮುಗೀತು. ಅದೊಂದಿಷ್ಟು ಅಳಿಸಿಬಿಡ್ರಿ."

ಗಾಳೇಶನ ತಲೆಯಲ್ಲಿ ಒಮ್ಮೆಲೇ ಬೆಳಕಾಯಿತು. ಇಲ್ಲದ್ದನ್ನು ಅಳಿಸುವುದಕ್ಕೆ ಏನು ಕಷ್ಟ? ಗಂಭೀರವಾಗಿ ಹೋಳಿಗೆ ಮುರಿಯುತ್ತ, "ಕಷ್ಟದ ಕೆಲಸ ತಂಗಿ. ಆದ್ರೂ ನಿನ್ನ ಸಲುವಾಗಿ ನೋಡತೀನಿ," ಎಂದ.

ಅವಳು ಹೋದದ್ದೇ ದಾವಲಬೀ ಬಂದಳು. "ತಮ್ಮಾ, ಆ ಅಕ್ಕೋರು ಹ್ವಾದ ವರ್ಷ ನನ್ನ ಬಳಿ ನೋಡಿ ಬಣ್ಣ ಬಿಡತಾವು ಅಂದಿದ್ರು. ಆ ಸಿಟ್ಟು ಕೈಯಾಗ ಉಳಿದಿತ್ತು ನೋಡು. ಅಲ್ಲಾನ ಆಣಿ, ಬೇಕಂತ ಮಾಡಿಲ್ಲ. ಅಳಿಸು, ನಿನ್ನ ಹೇಣ್ತಿಗೆ ಡಜನ್ ಬಳಿ ಪುಕ್ಕಟ ಇಡಸತೀನಿ." ಅವಳಿಗೂ ಮಾತು ಕೊಟ್ಟದ್ದಾಯಿತು. ಕೊನೆಗೆ ಸಾವುಕಾರನೇ ಬಂದು ಅಡುಗೆಮನೆಯ ಬಾಗಿಲು ಮುಚ್ಚಿದ.

"ಗಾಳೇಶಾ, ಹೆಸರಿಟ್ಟದ್ದು ವಿಡಿಯೋದಾಗ ಇರದಿದ್ರೂ ನಡೀತೈತಿ. ಮನೀ ಒಡಿಯೂದು ಬ್ಯಾಡ. ಆ ಡಬ್ಬಿ ಕೆಟ್ಟೈತಿ ಅಂದುಬಿಡು. ನಮ್ಮ ಮಂದಿ ಮದುವಿ ಎಲ್ಲಾ ನಿನಗ."

ಗಾಳೇಶನಿಗೆ ಫ್ರಿಜ್ಜಿಗೇ ಕೈ ಮುಗಿಯೋಣವೆನಿಸಿತು. ತಪ್ಪು ಮುಚ್ಚಿಹೋಯಿತು, ಮದುವೆಗಳು ಬಂದವು, ಹೋಳಿಗೆಯೂ ಸಿಕ್ಕಿತು. ಇಡೀ ಮನೆಯಲ್ಲಿ ಹೊಟ್ಟೆ ತುಂಬಿದವನು ಅವನೊಬ್ಬನೇ. ನಿರಾಳವಾಗಿ ಡಬ್ಬಿಯನ್ನು ಹೊರತೆಗೆದು ಪಂಚೆಯಲ್ಲಿ ಸುತ್ತಿದ. ತಣ್ಣಗಾಗಿತ್ತು. ನೀರು ಹಿಡಿದಿದ್ದರೆ ಏನು ಗತಿ ಎಂದು ಮಾಜೀದನಿಗೆ ಫೋನು ಮಾಡಿದ.

ಮಾಜೀದ ಮೊದಲು ಬೈದ. ಆಮೇಲೆ ಮುದುಕಿಯ ಕತೆ ಕೇಳಿ ನಕ್ಕ. "ಹುಚ್ಚ, ಪರದಿ ನಡುವ ಒಂದು ಸಲ ಮುಟ್ಟಿದ್ರ ಮ್ಯಾಲಿನ ಅಕ್ಷರ, ಗೆರಿ ಅಷ್ಟ ಮರಿ ಆಗತಾವು. ಒಳಗ ರೆಕಾರ್ಡು ನಡದ ಇರತೈತಿ. ಆಮ್ಯಾಲೆ ಗುಂಡಿ ಒತ್ತಿ ನಿಲ್ಲಿಸಿದಾಂವ ನೀನ. ತಗದು ನೋಡು, ಎಲ್ಲಾ ಐತಿ."

ಗಾಳೇಶ ಉಗ್ರಾಣದ ಕೋಣೆ ಹೊಕ್ಕು ಚಿಲಕ ಹಾಕಿ ನೋಡಿದ. ಇತ್ತು. ಕೂಸು, ಕುರ್ರ್, ಸಾನ್ವಿ, ಎಲ್ಲ ಇತ್ತು. ತಾನು ಹಿಡಿದ ಚಿತ್ರ ಇಷ್ಟು ಚೆಂದ ಬಂದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ಯಾರಿಗೆ ಏನು ಮಾತು ಕೊಟ್ಟರೂ ಇದನ್ನು ಅಳಿಸಬಾರದು ಎಂದುಕೊಂಡ. ಗುದ್ದಿನ ಜಾಗ ಬಂದಾಗ ಸುಮ್ಮನೆ ಕುತೂಹಲಕ್ಕೆ ಚಿತ್ರವನ್ನು ದೊಡ್ಡದು ಮಾಡಿದ. ಕವಿತಾಳ ಕೈ ಬೆನ್ನಿಗೆ ತಾಗಿಯೇ ಇರಲಿಲ್ಲ. ದಾವಲಬೀಯದು ತಾಗಿತ್ತು, ಸೊಳ್ಳೆ ಹೊಡೆದ ಹಾಗೆ. ಮೂರನೆಯ ಕೈ ತಲೆಯ ಮೇಲಿನಿಂದ ಇಳಿದು ಬರುತ್ತಿತ್ತು. ಇನ್ನೂ ದೊಡ್ಡದು ಮಾಡಿದ. ಎಂಟು ಕೆ ಎಂದರೇನೆಂದು ಅವನಿಗೆ ಆಗ ತಿಳಿಯಿತು. ಬಳೆಯ ಗೀರು ಕಂಡಿತು, ಬೆರಳ ಮೇಲೆ ರೊಟ್ಟಿ ಹಂಚು ಸುಟ್ಟ ಕಲೆ ಕಂಡಿತು. ದಿನವೂ ಖಾನಾವಳಿಗೆ ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬಡಿಯುವ ತನ್ನ ಹೆಂಡತಿಯ ಕೈ ಅದು.

ಹುಲಗೆಮ್ಮನನ್ನು ಕರೆದು ತೋರಿಸಿದ. ಅವಳು ಪರದೆ ನೋಡಿ, "ನಂದ ಐತಿ. ಚಲೋ ಬಂದೈತ್ರಿ," ಎಂದಳು.

"ಯಾಕ ಹೊಡದಿ? ಆಕಿ ನಿನಗೇನು ಮಾಡ್ಯಾಳ?"

"ಸಾಲ್ಯಾಗ ನನಗ ಕಲಿಸಿದ ಅಕ್ಕೋರ ಇವರ. ಹದಿನೇಳರ ಮಗ್ಗಿ ಬರಲಿಲ್ಲ ಅಂತ ದಿನಾ ಕೈ ಮ್ಯಾಲೆ ಕೊಡತಿದ್ರು. ಇವತ್ತಿಗೂ ಹದಿನೇಳರ ಮಗ್ಗಿ ಬರಂಗಿಲ್ಲ ನನಗ. ಬೆನ್ನು ಎದುರಿಗೆ ಬಂತು, ಕೈ ತಡೀಲಿಲ್ಲ."

ಗಾಳೇಶ ಗೋಡೆಗೆ ಒರಗಿದ. ಸಾವುಕಾರನ ಅಕ್ಕನನ್ನು ವಿಡಿಯೋದವನ ಹೆಂಡತಿ ಗುದ್ದಿದಳೆಂದು ಗೊತ್ತಾದರೆ ಮದುವೆಗಳಷ್ಟೇ ಅಲ್ಲ, ಗಂಗಾವತಿಯೇ ಹೋಯಿತು. ಜನ್ಮದ ಒಳ್ಳೆಯ ಚಿತ್ರವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿ ಅಳಿಸುವ ಗುಂಡಿ ಒತ್ತಿದ. ಖಂಡಿತ ಅಳಿಸಲೇ ಎಂದು ಡಬ್ಬಿ ಕೇಳಿತು. ಖಂಡಿತ ಎಂದ.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪಡಸಾಲೆಗೆ ಬಂದು ಎಲ್ಲರೆದುರು ತಲೆ ತಗ್ಗಿಸಿ, "ಅಕ್ಕೋರ, ತಪ್ಪು ನಂದು. ಗುದ್ದಿದ ಹೊತ್ತಿಗೆ ಮಶೀನು ನಿಂತಿತ್ರಿ. ಅದು ರೆಕಾರ್ಡ್ ಆಗಿಲ್ಲ," ಎಂದ. ಕವಿತಾ ಉಸಿರು ಬಿಟ್ಟಳು. ದಾವಲಬೀ ಉಸಿರು ಬಿಟ್ಟಳು. ಗೋವಿಂದರಾಜ ಮುಖ ಒರೆಸಿಕೊಂಡು ಎಲೆ ಹಾಕಲು ಹೇಳಿದ.

ರೇಣುಕಾದೇವಿಯೂ ದೊಡ್ಡ ಉಸಿರು ಬಿಟ್ಟರು. ಆದರೆ ಅದು ಬೇರೆ ಥರದ್ದು.

"ಭಾಳ ಕೆಟ್ಟ ಕೆಲಸ ಮಾಡಿದಿ ತಮ್ಮಾ. ಹನ್ನೊಂದು ವರ್ಷ ಆತು, ನನ್ನ ಬೆನ್ನು ಹಿಡಕೊಂಡು. ಹುಬ್ಬಳ್ಳಿ, ಬಳ್ಳಾರಿ, ಎಣ್ಣಿ, ಪಟ್ಟಿ, ಎಲ್ಲಾ ಆತು. ಇವತ್ತ ಆ ಗುದ್ದು ಬಿದ್ದಾಗ ಲಟಕ್ ಅಂತು, ಬಿಟ್ಟೇಬಿಡ್ತು. ಮತ್ತ ಹಿಡಿತೈತೇನಂತ ಮಾಳಿಗಿ ಹತ್ತಿ ಇಳದು ನೋಡಿದೆ. ಇಲ್ಲ." ಎಂದವರು ಎಲ್ಲರ ಮುಂದೆ ಬಗ್ಗಿ ತಮ್ಮ ಕಾಲ್ಬೆರಳು ಮುಟ್ಟಿದರು. ಬೆರಳಿನಿಂದ ಬಂಗಾರದ ಉಂಗುರ ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಇದನ್ನ ಆ ಕೈಗೆ ಹಾಕಬೇಕಂತಿದ್ದೆ. ಮೊದಲ ಹೇಳಿದ್ರ ಎಲ್ಲಾರೂ ನಾನ ನಾನ ಅಂತಿದ್ರಿ. ಅದಕ್ಕ ಬಾಯಿ ಮುಚಗೊಂಡು ವಿಡಿಯೋ ಕೇಳಿದೆ."

ಮೊದಲು ಚೇತರಿಸಿಕೊಂಡವಳು ಕವಿತಾ.

"ಅಕ್ಕಾರ, ಅದು ನಾನ ರಿ. ಬೇಕಾದ್ರ ಗಾಳೇಶಣ್ಣನ್ನ ಕೇಳ್ರಿ, ಅವಾಗ ಹೇಳೀನಿ."

"ಏ ಕವಿತಾ, ನಾನೂ ಹೇಳೀನಿ. ಅಲ್ಲಾನ ಆಣಿ ಮಾಡಿ ಹೇಳೀನಿ. ಹೌದಲ್ಲೋ ತಮ್ಮಾ?" ಎಂದಳು ದಾವಲಬೀ.

ಮೂಲೆಯಲ್ಲಿದ್ದ ಹುಲಗೆಮ್ಮ ಮುಂದೆ ಬಂದಳು. "ಅದು ನಾನು ಅಕ್ಕೋರ," ಎಂದು ಗಂಡನ ಮುಖ ನೋಡಿದಳು. ನಿಜ ಹೇಳಿದರೆ ಅಳಿಸಿದ್ದು ಹೊರಬೀಳುತ್ತದೆ. ಹೇಳದಿದ್ದರೆ ಮನೆಗೆ ಹೋಗುವಂತಿಲ್ಲ. ಅವನು ಎರಡೂ ಮಾಡದೆ ಕೆಮ್ಮಿದ.

ರೇಣುಕಾದೇವಿಗೆ ಇಂಥ ತರಗತಿ ಹೊಸದಲ್ಲ. "ಗದ್ದಲ ಬ್ಯಾಡ. ಒಬ್ಬೊಬ್ಬರ ಮತ್ತೊಮ್ಮೆ ಗುದ್ರಿ. ಸಪ್ಪಳ ಕೇಳಿದ್ರ ನನಗ ಗೊತ್ತಾಗತೈತಿ. ನನ್ನ ಬೆನ್ನಿಗೆ ಬ್ಯಾಡ, ಈಗಷ್ಟ ನೆಟ್ಟಗಾಗೇತಿ. ಸಾಕ್ಷಿ ಕಳದಾಂವ ಇಂವ, ಬೆನ್ನೂ ಇವಂದ ಆಗಲಿ. ಬಾರಪಾ, ತೊಟ್ಟಿಲ ಮುಂದ ಬಗ್ಗು."

ಗಾಳೇಶ ಗೋವಿಂದರಾಜನ ಕಡೆ ನೋಡಿದ. ಸಾವುಕಾರ ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದ. ಬಗ್ಗಬೇಕಾಯಿತು. ಕವಿತಾ ಗುದ್ದಿದಳು, ತೊಟ್ಟಿಲ ಕೂಸು ನಕ್ಕಿತು. ದಾವಲಬೀ ಬಳೆಗಳನ್ನು ಮೇಲೇರಿಸಿ ಗುದ್ದಿದಳು. ಗಾಳೇಶನಿಗೆ ಕೆಮ್ಮು ಬಂತು. ಆಮೇಲೆ ಹುಲಗೆಮ್ಮನ ಸರದಿ. ಅವಳ ಮನಸ್ಸಿನಲ್ಲಿ ಆಗ ಮಗ್ಗಿ ಇರಲಿಲ್ಲ. ಗಂಡ ತನ್ನ ಕಣ್ಣೆದುರೇ ಅಳಿಸಿದ ಚಿತ್ರವಿತ್ತು, ಅಕ್ಕೋರ ಅಂಗೈಯಲ್ಲಿ ಉಂಗುರವಿತ್ತು. ಧಡ್ ಎಂದ ಸದ್ದಿಗೆ ಹೊರಗೆ ಕೂತ ಗಂಡಸರು ಎದ್ದು ಬಂದರು. ಗಾಳೇಶ ತೊಟ್ಟಿಲ ಕೆಳಗೆ ಹೋಗಿ ಬಿದ್ದಿದ್ದ.

"ಇದ ಕೈರಿ ಅಕ್ಕೋರ," ಎಂದ ಅಲ್ಲಿಂದಲೇ. ಆ ದಿನ ಅವನು ಆಡಿದ ಮೊದಲ ನಿಜ ಅದು.

"ಸಪ್ಪಳ ಏನೋ ಹಂಗ ಐತಿ," ಎಂದರು ರೇಣುಕಾದೇವಿ. "ಈಕಿ ಯಾರು?"

"ನನ್ನ ಹೇಣ್ತಿರಿ."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಹೆಂಡತಿಗೆ ಉಂಗುರ ಕೊಡಿಸಲಿಕ್ಕೆ ಬೇಕೆಂದೇ ಬಿದ್ದಿದ್ದಾನೆ ಎಂದಳು ದಾವಲಬೀ. ಅದಕ್ಕೇ ವಿಡಿಯೋ ಇಲ್ಲವೆಂದನೇನೋ ಎಂದಳು ಕವಿತಾ. ರೇಣುಕಾದೇವಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಗಂಡ ಪರೀಕ್ಷಾ ನಡಸಿ ಹೇಣ್ತಿನ್ನ ಪಾಸ್ ಮಾಡಿದ್ರ ಅದು ಪರೀಕ್ಷಾ ಅಲ್ಲ. ವಿಡಿಯೋ ಇದ್ದಿದ್ರ ಮಾತು ಬ್ಯಾರೆ." ಉಂಗುರ ಕೂಸಿನ ಪಾಲಾಯಿತು. ಅದಕ್ಕೆ ಯಾರೂ ತಕರಾರು ಎತ್ತುವಂತಿರಲಿಲ್ಲ. ಹನ್ನೊಂದು ವರ್ಷದ ಮೇಲೆ ರೇಣುಕಾದೇವಿ ನೆಲದ ಮೇಲೆ ಕೂತು ಉಂಡರು, ಅವರು ನಕ್ಕದ್ದು ನಗುವಿನಂತೆಯೇ ಕಾಣಿಸಿತು. ಮನೆಯೆಲ್ಲ ಹಗುರಾಯಿತು.

ಗಾಳೇಶನೊಬ್ಬ ತೊಟ್ಟಿಲ ಕೆಳಗಿನಿಂದ ಎದ್ದು ನಿಲ್ಲಲು ನೋಡಿದ. ಆಗಲಿಲ್ಲ. ಬೆನ್ನು ನಡುವೆ ಎಲ್ಲೋ ಹಿಡಿದುಕೊಂಡಿತ್ತು. ಅಷ್ಟು ವರ್ಷ ಅಕ್ಕೋರು ಬೆನ್ನ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದರಲ್ಲ, ಸರಿಯಾಗಿ ಅದೇ ಜಾಗ.

ಸಂಜೆ ಕನಕಗಿರಿ ರಸ್ತೆಯಲ್ಲಿ ಗಂಡ ಹೆಂಡತಿ ಮನೆಗೆ ಹೊರಟರು. ಕ್ಯಾಮೆರಾದ ಚೀಲ ಹುಲಗೆಮ್ಮನ ಹೆಗಲಲ್ಲಿ. ಗಾಳೇಶ ಕಳೆದ ಕಾಸು ಹುಡುಕುವವನ ಹಾಗೆ ನೆಲ ನೋಡುತ್ತ ಹಿಂದೆ ಬರುತ್ತಿದ್ದ. ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಕೇಳಿದ.

"ಏ, ಕೇಳಿಲ್ಲಿ. ನಿನ್ನ ಕೈಗುಣ ಅಂತೂ ಎಲ್ಲಾರಿಗೂ ಗೊತ್ತಾತು. ಅದ ಜಾಗಕ್ಕ ಇನ್ನೊಂದು ಹಗರಕ ಕೊಡು. ಬಿಟ್ಟರೂ ಬಿಟ್ಟೀತು."

ಹುಲಗೆಮ್ಮ ನಿಂತಳು. ಚೀಲವನ್ನು ಕೆಳಗಿಳಿಸಿ, ಡಬ್ಬಿಯನ್ನು ಹೊರತೆಗೆದು ಅವನ ಕೈಗೆ ಕೊಟ್ಟಳು.

"ಮೊದಲ ಇದನ್ನ ಚಾಲೂ ಮಾಡ್ರಿ. ಸಾಕ್ಷಿ ಇಲ್ಲದ ನಾ ಇನ್ನ ಯಾರಿಗೂ ಗುದ್ದಂಗಿಲ್ಲ."